ಹಳೇ ಟಿಪ್ಪಣಿಯ ಅಳತೆ ಸರಿಹೋಗಿದ್ದು ಅಜ್ಜನ ಪುಸ್ತಕದಿಂದ

ನನ್ನದು ಹಳೇ ಸರ್ವೆ ಟಿಪ್ಪಣಿಗಳನ್ನು, ಅಂದರೆ ಜಮೀನಿನ ಅಳತೆ ಬರೆದಿಟ್ಟ ದಾಖಲೆಗಳನ್ನು, ಕಂಪ್ಯೂಟರ್ ನಕ್ಷೆ ಮಾಡುವ ಕೆಲಸ. ಒಂದು ಜಮೀನಿನ ನಕ್ಷೆ ಏನು ಮಾಡಿದರೂ ಕೂಡುತ್ತಿರಲಿಲ್ಲ. ಗಡಿ ಗೆರೆಗಳು ಒಂದಕ್ಕೊಂದು ಸೇರದೆ ನಡುವೆ ಜಾಗ ಉಳಿಯುತ್ತಿತ್ತು.

ಅಜ್ಜ ಶಾನುಭೋಗರಾಗಿದ್ದವರು. ಊರಿಗೆ ಹೋದಾಗ ಅವರ ಲೆಕ್ಕದ ಪುಸ್ತಕ ಸುಮ್ನೆ ತೆರೆದೆ. ಮೊದಲ ಪುಟದಲ್ಲೇ ಅಂದವಾದ ಕೈಬರಹದಲ್ಲಿ 'ಸರಪಳಿ 1ಕ್ಕೆ ಆಣೆ 16, ಅಡಿ 33' ಅಂತ ಇತ್ತು. ಸರಪಳಿ ಅಂದರೆ ಜಮೀನು ಅಳೆಯುವ ಚೈನು; ಆಣೆ ಇಲ್ಲಿ ದುಡ್ಡಲ್ಲ, ಆ ಸರಪಳಿಯ ಹದಿನಾರನೇ ಒಂದು ಭಾಗ. ಕೆಳಗೆ ಒಂದು ಆಣೆಯಿಂದ ಹದಿನಾರರವರೆಗೆ ಅಡಿ, ಅಂಗುಲದ ಕೋಷ್ಟಕ. ಒಂದು ಆಣೆಗೆ 2 ಅಡಿ ಮುಕ್ಕಾಲು ಅಂಗುಲ.

ತೊಂದರೆ ಅಲ್ಲೇ ಸಿಕ್ಕಿತು. ಟಿಪ್ಪಣಿಯಲ್ಲಿ 5-8 ಅಂದರೆ 5 ಸರಪಳಿ 8 ಆಣೆ, ಅಂದರೆ ಐದೂವರೆ ಸರಪಳಿ, 181.5 ಅಡಿ. ನಮಗೆ ಬಂದಿದ್ದ ಫೈಲಿನಲ್ಲಿ ಅದು 5.8 ಆಗಿತ್ತು. ಹಾಗಾದರೆ 191.4 ಅಡಿ! ಒಂದೇ ಗೆರೆಯಲ್ಲಿ ಸುಮಾರು 10 ಅಡಿ ಜಾಸ್ತಿ.

ಎಕ್ಸೆಲ್‌ನಲ್ಲಿ ಸರಪಳಿಗೆ ಒಂದು ಕಾಲಂ, ಆಣೆಗೆ ಇನ್ನೊಂದು ಮಾಡಿದೆ. ಆಣೆಯನ್ನು 16ರಿಂದ ಭಾಗಿಸಿ ಸರಪಳಿಗೆ ಕೂಡಿಸಿ 33ರಿಂದ ಗುಣಿಸಿದೆ. ಗಡಿ ಕೂಡಿತು. ವಿಸ್ತೀರ್ಣವನ್ನೂ ನೋಡಿದೆ: 33 ಅಡಿ ಚೌಕ, ಅಂದರೆ 1089 ಚದರ ಅಡಿಗೆ ಒಂದು ಗುಂಟೆ. ಪಹಣಿಗೂ ತಾಳೆಯಾಯಿತು. ಎಷ್ಟು ಖುಷಿಯಾಯಿತು ಗೊತ್ತಾ!

ಮೀಟರಿನಲ್ಲಿ ಅಳೆದ ಹೊಸ ನಕ್ಷೆಗಳಿಗೆ ಈ ಲೆಕ್ಕ ಹಾಕಬೇಡಿ. ಅಜ್ಜನ ಕೋಷ್ಟಕದ ಫೋಟೋ ಈಗ ನಮ್ಮ ಆಫೀಸಿನ ಎಲ್ಲರ ಫೋನಿನಲ್ಲೂ ಇದೆ.