ಅಜ್ಲೂನಿನಲ್ಲಿ ಮೂರು ರಾತ್ರಿ

ಜೋರ್ಡಾನಿಗೆ ಹೋಗುವ ನಮ್ಮವರು ಹೆಚ್ಚಾಗಿ ಪೆಟ್ರಾ, ವಾದಿ ರಮ್ ಮರುಭೂಮಿ ಮತ್ತು ಮೃತ ಸಮುದ್ರ ಈ ಮೂರನ್ನು ನೋಡಿಕೊಂಡು ಹಿಂದಿರುಗುತ್ತಾರೆ. ಕೈಯಲ್ಲಿ ಒಂದು ದಿನ ಉಳಿದರೆ ರಾಜಧಾನಿ ಅಮ್ಮಾನಿನಿಂದ ಕಾರು ಮಾಡಿಕೊಂಡು ಬೆಳಿಗ್ಗೆ ಜೆರಾಶಿನ ರೋಮನ್ ಅವಶೇಷಗಳನ್ನು, ಮಧ್ಯಾಹ್ನ ಅಜ್ಲೂನಿನ ಕೋಟೆಯನ್ನು ನೋಡಿ ಕತ್ತಲಾಗುವುದರೊಳಗೆ ಮರಳುವುದು ರೂಢಿ. ದುಬೈಯಲ್ಲಿ ನೆಲೆಸಿರುವ ನಾವು ಮೊದಲ ಸಲ ಮಾಡಿದ್ದೂ ಅದನ್ನೇ. ಆದರೆ ಕೋಟೆಯ ಮೇಲೆ ನಿಂತು ಸುತ್ತಲಿನ ಇಳಿಜಾರುಗಳನ್ನು ನೋಡಿದಾಗ, ಒಂದು ಕಡೆ ಕಾಡಿನ ಕಪ್ಪು ಹಸಿರು, ಇನ್ನೊಂದು ಕಡೆ ಆಲಿವ್ ತೋಟಗಳ ಬೂದು ಹಸಿರು ಕಂಡು, ಶಿರಸಿ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಅಲ್ಲಿಂದ ಇಳಿಯುವ ಮನಸ್ಸೇ ಆಗಿರಲಿಲ್ಲ. ಆದ್ದರಿಂದ ಎರಡನೆಯ ಸಲ ಪೆಟ್ರಾದ ಹಂಬಲವನ್ನು ಪೂರ್ತಿ ಬಿಟ್ಟು, ನವೆಂಬರಿನ ಮೊದಲ ವಾರದಲ್ಲಿ, ಆಲಿವ್ ಕೊಯ್ಲಿನ ಹೊತ್ತಿಗೆ, ನಾನೂ ನನ್ನ ಪತಿಯೂ ಮೂರು ರಾತ್ರಿ ಅಜ್ಲೂನಿನಲ್ಲೇ ಉಳಿಯುವಂತೆ ಹೊರಟೆವು.

ಹೊರಡುವ ಮೊದಲು ಮಾಡಿದ ಒಂದು ಲೆಕ್ಕವನ್ನು ಹೇಳಬೇಕು. ಪೆಟ್ರಾವೂ ಸೇರಿ ಹಲವು ತಾಣಗಳ ಪ್ರವೇಶ ಒಳಗೊಂಡ ಜೋರ್ಡಾನ್ ಪಾಸ್ ಎಂಬ ಒಟ್ಟು ಟಿಕೆಟನ್ನು ಎಲ್ಲರೂ ಕೊಳ್ಳಲು ಹೇಳುತ್ತಾರೆ; ದೇಶದಲ್ಲಿ ಕನಿಷ್ಠ ಮೂರು ರಾತ್ರಿ ಉಳಿದರೆ ಅದರಲ್ಲಿ ವೀಸಾ ಶುಲ್ಕದ ವಿನಾಯಿತಿಯೂ ಸೇರಿರುತ್ತದೆ. ನಾವು ಹೋದಾಗ ಅದರ ಕನಿಷ್ಠ ಬೆಲೆ 70 ದಿನಾರ್ ಇತ್ತು. ಬಿಡಿಬಿಡಿಯಾಗಿ ಕೊಂಡರೆ ವೀಸಾಕ್ಕೆ 40, ಜೆರಾಶಿಗೆ 10, ಅಜ್ಲೂನಿನ ಕೋಟೆಗೆ 3, ಒಟ್ಟು 53 ದಿನಾರ್. ಪೆಟ್ರಾಕ್ಕೆ ಹೋಗುವವರಿಗೆ ಪಾಸ್ ಲಾಭವೇ ಹೌದು, ಉತ್ತರದ ಬೆಟ್ಟಗಳಿಗೆ ಮಾತ್ರ ಹೋಗುವವರಿಗೆ ಅದು ನಷ್ಟ. ಒಂದು ದಿನಾರ್ ಅಮೆರಿಕದ ಸುಮಾರು 1.41 ಡಾಲರಿಗೆ ಸಮವಾದ್ದರಿಂದ ಇಬ್ಬರಿಗೆ ಸೇರಿ ಉಳಿಯುವ 34 ದಿನಾರ್ ಸಣ್ಣ ಮೊತ್ತವೇನಲ್ಲ.

ಲೆಕ್ಕದಲ್ಲಿ ತೋರಿಸಿದ ಜಾಣತನವನ್ನು ದಿನದ ಆಯ್ಕೆಯಲ್ಲಿ ತೋರಿಸಲಿಲ್ಲ. ಗುರುವಾರ ರಾತ್ರಿ ಅಮ್ಮಾನಿಗೆ ಬಂದಿಳಿದು, ಶುಕ್ರವಾರ ಬೆಳಿಗ್ಗೆ ಉತ್ತರದ ಊರುಗಳಿಗೆ ವಾಹನ ಹೊರಡುವ ತಬರ್ಬೂರ್ ನಿಲ್ದಾಣಕ್ಕೆ ಹೋದೆವು. ಅಲ್ಲಿಯ ಮಿನಿ ಬಸ್ಸುಗಳಿಗೆ ವೇಳಾಪಟ್ಟಿ ಎಂಬುದಿಲ್ಲ, ಸೀಟು ತುಂಬಿದ ಮೇಲೆಯೇ ಹೊರಡುತ್ತವೆ. ಶುಕ್ರವಾರ ವಾರದ ರಜೆ, ಮಧ್ಯಾಹ್ನದ ದೊಡ್ಡ ನಮಾಜಿನ ದಿನ. ಎರಡು ಗಂಟೆ ಕಾದರೂ ಬಸ್ಸಿನಲ್ಲಿ ಕುಳಿತವರು ನಮ್ಮಿಬ್ಬರನ್ನೂ ಸೇರಿಸಿ ಐವರು. ಇಷ್ಟು ವರ್ಷ ಗಲ್ಫಿನಲ್ಲಿದ್ದು ಇದು ಹೊಳೆಯದಿದ್ದುದಕ್ಕೆ ನನ್ನ ಪತಿ ನನ್ನನ್ನೂ ನಾನು ಅವರನ್ನೂ ದೂರಿದ ಮೇಲೆ, ಐವರೂ ಹಣ ಕೂಡಿಸಿ ಒಂದು ಟ್ಯಾಕ್ಸಿ ಹಿಡಿದೆವು. ಅಮ್ಮಾನಿನಿಂದ ಅಜ್ಲೂನಿಗೆ ಸುಮಾರು 75 ಕಿಲೋಮೀಟರ್. ಜೆರಾಶ್ ದಾಟಿ ಪಶ್ಚಿಮಕ್ಕೆ ತಿರುಗಿದೊಡನೆ ರಸ್ತೆ ಏರತೊಡಗುತ್ತದೆ, ಕಿಟಕಿಯಿಂದ ಬರುವ ಗಾಳಿ ತಣ್ಣಗಾಗುತ್ತದೆ.

ಅಜ್ಲೂನ್ ಪೇಟೆ ಚೆಂದವಾಗಿದೆ ಎಂದು ನಾನು ಹೇಳಲಾರೆ. ನಡುವೆ ಒಂದು ವೃತ್ತ, ಅದರ ಪಕ್ಕದಲ್ಲಿ ಶತಮಾನಗಳಷ್ಟು ಹಳೆಯ ಮಸೀದಿ, ಸುತ್ತ ಬಣ್ಣ ಕಾಣದ ಕಾಂಕ್ರೀಟ್ ಕಟ್ಟಡಗಳು, ಹಾರನ್ ಸದ್ದು. ಉಳಿಯಲು ಪೇಟೆಯ ಬದಲು ಕಾಡಿನ ಪಕ್ಕದ ಹಳ್ಳಿಯನ್ನು ಆರಿಸಿಕೊಂಡದ್ದು ನಾವು ಮಾಡಿದ ಒಳ್ಳೆಯ ಕೆಲಸ. ರಾಸೂನ್ ಎಂಬ ಹಳ್ಳಿಯಲ್ಲಿ ಒಂದು ಕುಟುಂಬದ ಮಹಡಿಯ ಕೋಣೆ ನಮಗೆ ದೊರೆಯಿತು. ಮನೆಯೊಡತಿ ಮೊದಲು ಕೇಳಿದ್ದು ನನ್ನ ಹೆಸರನ್ನಲ್ಲ, ಹಿರಿಯ ಮಗನ ಹೆಸರನ್ನು. ತಾಯಿಯನ್ನು ಹಿರಿಯ ಮಗನ ಹೆಸರು ಹಿಡಿದು ಕರೆಯುವುದು ಆ ಕಡೆಯ ಮರ್ಯಾದೆ. ಅಂದಿನಿಂದ ಮೂರು ದಿನವೂ ನಾನು ಆ ಬೀದಿಗೆಲ್ಲ ‘ಉಮ್ಮ್ ಆದಿತ್ಯ’, ಅಂದರೆ ಆದಿತ್ಯನ ಅಮ್ಮ. ನನ್ನ ಅರಬಿ ಅಂಗಡಿ ವ್ಯವಹಾರಕ್ಕಷ್ಟೇ ಸಾಲುವಂಥದ್ದು. ಉಳಿದುದನ್ನು ಅವರ ಕಾಲೇಜಿಗೆ ಹೋಗುವ ಮಗಳು ಇಂಗ್ಲಿಷಿನಲ್ಲಿ ತಿಳಿಸಿ ಹೇಳುತ್ತಿದ್ದಳು. ಸಸ್ಯಾಹಾರಿಗಳೆಂಬ ನಮ್ಮ ಅಂಜಿಕೆಗೂ ಕಾರಣವಿರಲಿಲ್ಲ. ಝಾತರ್ ಎಂಬ ಸೊಪ್ಪು-ಎಳ್ಳಿನ ಪುಡಿ ಹಚ್ಚಿ ಸುಟ್ಟ ರೊಟ್ಟಿ, ನೀರು ಬಸಿದ ಗಟ್ಟಿ ಮೊಸರಾದ ಲಬ್ನೆ, ಕಾಬೂಲಿ ಕಡಲೆ ಅರೆದು ಮಾಡುವ ಹಮ್ಮುಸ್, ಎಣ್ಣೆಯಲ್ಲಿ ಮುಳುಗಿಸಿಟ್ಟ ಎಳೆ ಬದನೆಕಾಯಿ ಇವುಗಳಿಂದಲೇ ಎರಡು ಹೊತ್ತು ಹೊಟ್ಟೆ ತುಂಬುತ್ತಿತ್ತು.

ಮರುದಿನ ಬೆಳಿಗ್ಗೆ ಮತ್ತೆ ಕೋಟೆಗೆ ಹೋದೆವು. ಪ್ರವಾಸಿಗರ ಬಸ್ಸುಗಳು ಬರುವ ಮೊದಲು ಹೋದದ್ದರಿಂದ ಕಲ್ಲಿನ ಓಣಿಗಳಲ್ಲಿ ನಮ್ಮ ಹೆಜ್ಜೆಯ ಸದ್ದೇ ನಮಗೆ ಕೇಳುತ್ತಿತ್ತು. ಧರ್ಮಯುದ್ಧಗಳ ಕಾಲದ ಮುಸ್ಲಿಂ ಸುಲ್ತಾನ ಸಲಾವುದ್ದೀನನ ಸೇನಾನಾಯಕ ಇಝ್ ಅಲ್ ದೀನ್ ಉಸಾಮಾ 1184ರಲ್ಲಿ ಕಟ್ಟಿಸಿದ ಕೋಟೆ ಇದು. ಜೋರ್ಡಾನ್ ಕಣಿವೆಗೆ ಇಳಿಯುವ ಮೂರು ಹಳ್ಳಗಳ ದಾರಿಯನ್ನು ಕಾಯುವುದು, ಕಣಿವೆಯಾಚೆ ಬೆಲ್ವಾರ್ ಕೋಟೆಯಲ್ಲಿದ್ದ ಕ್ರೈಸ್ತ ಧರ್ಮಯೋಧರ ಮೇಲೆ ಕಣ್ಣಿಡುವುದು, ಸುತ್ತಲಿನ ಬೆಟ್ಟಗಳ ಕಬ್ಬಿಣದ ಗಣಿಗಳನ್ನು ರಕ್ಷಿಸುವುದು ಇದರ ಕೆಲಸವಾಗಿತ್ತು. ಮೊದಲಿಗೆ ನಾಲ್ಕು ಮೂಲೆಗೆ ನಾಲ್ಕು ಬುರುಜು ಮಾತ್ರ ಇದ್ದವು. 1214ರ ಸುಮಾರಿಗೆ ಇದನ್ನು ಹಿಗ್ಗಿಸಿದರು, 1260ರಲ್ಲಿ ಮಂಗೋಲರು ಕೆಡವಿದರು, ಆಮೇಲೆ ಈಜಿಪ್ಟಿನ ಬೈಬರ್ಸ್ ಸುಲ್ತಾನ ದುರಸ್ತಿ ಮಾಡಿಸಿದ, 1837 ಮತ್ತು 1927ರ ಭೂಕಂಪಗಳು ಮತ್ತೆ ಬೀಳಿಸಿದವು. ಹೀಗಾಗಿ ಒಂದೇ ಗೋಡೆಯಲ್ಲಿ ಕೆಳಗಿನ ಕಲ್ಲುಗಳಿಗೂ ಮೇಲಿನ ಕಲ್ಲುಗಳಿಗೂ ಬಣ್ಣ, ಅಳತೆ ಎರಡೂ ಬೇರೆಯಾಗಿರುವುದು ಕಾಣುತ್ತದೆ. ಒಳಗಿನ ಹಳೆಯ ಬಾಗಿಲಿನ ಮೇಲೆ ಕೆತ್ತಿದ ಹಕ್ಕಿಗಳನ್ನು ಮೊದಲ ಭೇಟಿಯ ಗಡಿಬಿಡಿಯಲ್ಲಿ ನಾನು ನೋಡಿಯೇ ಇರಲಿಲ್ಲ. ಈ ಕೋಟೆ ಬೆಂಕಿಯ ಸಂಕೇತಗಳೂ ಪಾರಿವಾಳದ ಅಂಚೆಯೂ ಹಾದುಹೋಗುತ್ತಿದ್ದ ಸಾಲಿನಲ್ಲಿತ್ತು. ಯೂಫ್ರೆಟಿಸ್ ನದಿಯ ಕಡೆಯ ಸುದ್ದಿ ಒಂದು ಹಗಲಿನೊಳಗೆ ಕೈರೋ ಮುಟ್ಟುತ್ತಿತ್ತೆಂದು ಹೇಳುತ್ತಾರೆ. ಬಾಣ ಬಿಡುವ ಕಿಂಡಿಯೊಂದರಲ್ಲಿ ಇಣುಕಿದರೆ ಹೊರಗೆ ಕಾಣುವುದು ಕೈಯಗಲದ ಇಳಿಜಾರು ಮಾತ್ರ, ಆದರೆ ಆ ಇಳಿಜಾರಿನಲ್ಲಿ ಮೇಯುತ್ತಿದ್ದ ಒಂದು ಆಡೂ ನನ್ನ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. 2023ರಲ್ಲಿ ಶುರುವಾದ ಕೇಬಲ್ ಕಾರು ಈಗ ಕೋಟೆಯ ಬದಿಯ ಬೆಟ್ಟಕ್ಕೆ ಜನರನ್ನು ತರುತ್ತದೆ. ರಜಾದಿನಗಳಲ್ಲಿ ಅದಕ್ಕೆ ಉದ್ದನೆಯ ಸರತಿ ಇರುವುದರಿಂದ ನಾವು ಅದರ ಗೋಜಿಗೆ ಹೋಗಲಿಲ್ಲ.

ಮಧ್ಯಾಹ್ನ ಕಾಡಿನ ಹಾದಿ. ಜೋರ್ಡಾನಿನ ನೆಲದಲ್ಲಿ ಕಾಡಿರುವುದು ಶೇಕಡಾ ಒಂದರಷ್ಟು, ಅದರಲ್ಲಿ ಉಳಿದ ಒಳ್ಳೆಯ ತುಂಡುಗಳಲ್ಲಿ ಅಜ್ಲೂನಿನದೂ ಒಂದು. ಉಮ್ಮ್ ಅಲ್ ಯನಾಬೀ, ಅಂದರೆ ಒರತೆಗಳ ತಾಯಿ, ಎಂಬ ಹಳ್ಳಿಯ ಬಳಿ ಪ್ರಕೃತಿ ಸಂರಕ್ಷಣೆಯ ರಾಯಲ್ ಸೊಸೈಟಿ ಎಂಬ ಸಂಸ್ಥೆಯು 1980ರ ದಶಕದ ಕೊನೆಯಿಂದ ಇದನ್ನು ಮೀಸಲು ಕಾಡಾಗಿ ನೋಡಿಕೊಳ್ಳುತ್ತಿದೆ. ಸುಮಾರು 7 ಕಿಲೋಮೀಟರಿನ ‘ಸಾಬೂನು ಹಾದಿ’ಯಲ್ಲಿ ಮಾರ್ಗದರ್ಶಿಯ ಜೊತೆ ನಡೆಯಬೇಕು. ಮಲೆನಾಡಿನ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯಾದೀತು. ಇಲ್ಲಿ ಬಳ್ಳಿಗಳಿಲ್ಲ, ನೆರಳೂ ತೆಳು, ಓಕ್ ಮರಗಳು ಗಿಡ್ಡ, ಎಲೆಯ ಅಂಚಿಗೆ ಸಣ್ಣ ಮುಳ್ಳು. ನನಗೆ ಮೆಚ್ಚಿಗೆಯಾದದ್ದು ಸ್ಟ್ರಾಬೆರಿ ಮರವೆಂದು ಕರೆಯುವ ಒಂದು ಜಾತಿ. ಅದರ ಹಳೆಯ ತೊಗಟೆ ಕಾಗದದಂತೆ ಸುಲಿದು, ಒಳಗಿನ ಕಾಂಡ ಆಗ ತಾನೇ ಬೆಲ್ಲದ ಪಾಕ ಸವರಿದಂತೆ ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ಕರೋಬ್ ಮರದ ಒಣ ಕೋಡೊಂದನ್ನು ಮುರಿದು ಬೀಜ ತೋರಿಸಿದ ಮಾರ್ಗದರ್ಶಿ, ಚಿನ್ನದ ಕ್ಯಾರಟ್ ಎಂಬ ಮಾತು ಬಂದದ್ದು ಈ ಬೀಜದ ಹೆಸರಿನಿಂದ ಎಂದರು. ಕೋಡು ಅಗಿದರೆ ಹುಣಸೆ ಸಿಪ್ಪೆಗೆ ಬೆಲ್ಲ ಹಚ್ಚಿದ ಹಾಗೆ. ಹಾದಿ ಮುಗಿಯುವುದು ಊರಿನ ಹೆಂಗಸರು ಆಲಿವ್ ಎಣ್ಣೆಯಿಂದ ಸಾಬೂನು ಮಾಡುವ ಮನೆಯಲ್ಲಿ. ಅಲ್ಲಿ ನಾಲ್ಕು ಸಾಬೂನು ಕೊಂಡು, ಸೇಜ್ ಎಲೆ ಹಾಕಿದ ಚಹಾ ಕುಡಿದು, ಐದೂವರೆಗೆ ಸೂರ್ಯ ಮುಳುಗುವ ಹೊತ್ತಿಗೆ ಕೋಣೆ ಸೇರಿದೆವು. ಬೆಚ್ಚನೆಯ ಬಟ್ಟೆ ಕಡಿಮೆ ತಂದಿದ್ದೆವೆಂಬುದು ಆ ರಾತ್ರಿಯೇ ತಿಳಿಯಿತು.

ಮೂರನೆಯ ದಿನವನ್ನು ನಾವು ಯಾವ ಯೋಜನೆಯೂ ಇಲ್ಲದೆ ಬಿಟ್ಟಿದ್ದೆವು. ಮನೆಯವರು ತೋಟಕ್ಕೆ ಹೊರಟಾಗ ನಾವೂ ಬರಬಹುದೇ ಎಂದು ಕೇಳಿದೆವು. ಹಳೆಯ, ದಪ್ಪ ಬುಡದ ಆಲಿವ್ ಮರಗಳನ್ನು ಅಲ್ಲಿ ‘ರೂಮಿ’ ಎನ್ನುತ್ತಾರೆ, ರೋಮನರ ಕಾಲದ್ದೆಂಬ ಅರ್ಥದಲ್ಲಿ. ಬುಡ ಟೊಳ್ಳಾಗಿ ಒಳಗೆ ಒಬ್ಬರು ನಿಲ್ಲುವಷ್ಟು ಜಾಗವಿದ್ದರೂ ಮೇಲೆ ಕೊಂಬೆ ತುಂಬ ಕಾಯಿ. ಮರದ ಕೆಳಗೆ ದೊಡ್ಡ ಹಾಳೆ ಹಾಸಿ, ಕೈಯಿಂದಲೂ ಪ್ಲಾಸ್ಟಿಕ್ ಬಾಚಣಿಗೆಯಂಥ ಸಾಧನದಿಂದಲೂ ಕೊಂಬೆಯನ್ನು ಬಾಚಿದರೆ ಕಾಯಿಗಳು ಮಳೆ ಹನಿಯ ಸದ್ದಿನಲ್ಲಿ ಹಾಳೆಯ ಮೇಲೆ ಬೀಳುತ್ತವೆ. ಕೋಲಿನಿಂದ ಬಡಿಯಹೊರಟ ಹುಡುಗನನ್ನು ಅಜ್ಜ ಗದರಿಸಿದರು. ಬಡಿದರೆ ಮುಂದಿನ ವರ್ಷ ಕಾಯಿ ಬಿಡಬೇಕಾದ ಚಿಗುರು ಮುರಿಯುತ್ತದೆ, ಮೊದಲೇ ಈ ಮರ ಒಂದು ವರ್ಷ ತುಂಬ ಫಲ ಕೊಟ್ಟರೆ ಮರುವರ್ಷ ಕಡಿಮೆ ಕೊಡುವಂಥದ್ದು. ಮೊದಲ ಮಳೆ ಬಿದ್ದು ಕಾಯಿಯ ಧೂಳು ತೊಳೆದ ಮೇಲೆಯೇ ಕೊಯ್ಲು ಎಂಬುದು ಅವರ ಕಟ್ಟುಪಾಡು. ಹಸಿ ಕಾಯಿಯೊಂದನ್ನು ನಾನು ಬಾಯಿಗೆ ಹಾಕಿಕೊಂಡದ್ದನ್ನು ಕಂಡು ಎಲ್ಲರೂ ಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಅದರ ಕಹಿಯ ಮುಂದೆ ಹಾಗಲಕಾಯಿ ಏನೂ ಅಲ್ಲ. ಎರಡು ಲೋಟ ನೀರು ಕುಡಿದರೂ ನಾಲಿಗೆ ಸರಿಯಾಗಲಿಲ್ಲ.

ಸಂಜೆ ಚೀಲಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಗಾಣಕ್ಕೆ ಹೋದೆವು. ಗಾಣವೆಂದರೆ ಈಗ ಕಲ್ಲೂ ಇಲ್ಲ, ಸುತ್ತುವ ಪ್ರಾಣಿಯೂ ಇಲ್ಲ, ಸ್ಟೀಲಿನ ಯಂತ್ರಗಳ ಸಾಲು. ತೂಕ ಮಾಡಿದ ಕಾಯಿಯ ಎಲೆಯನ್ನು ಗಾಳಿ ಹಾರಿಸುತ್ತದೆ, ನೀರು ತೊಳೆಯುತ್ತದೆ, ಬೀಜಸಮೇತ ಜಜ್ಜಿದ ಮುದ್ದೆಯನ್ನು ತೊಟ್ಟಿಯೊಂದರಲ್ಲಿ ಮುಕ್ಕಾಲು ಗಂಟೆ ನಿಧಾನವಾಗಿ ಕಲಸಿ, ವೇಗವಾಗಿ ತಿರುಗುವ ಯಂತ್ರದಲ್ಲಿ ಎಣ್ಣೆಯನ್ನು ಬೇರ್ಪಡಿಸುತ್ತಾರೆ. ಉಳಿದ ಹಿಂಡಿಗೆ ‘ಜಿಫ್ತ್’ ಎಂದು ಹೆಸರು, ಒಣಗಿಸಿ ಚಳಿಗಾಲಕ್ಕೆ ಒಲೆಗೆ ಹಾಕುತ್ತಾರೆ. ಸುಮಾರು ಐದು ಕಿಲೋ ಕಾಯಿಗೆ ಒಂದು ಕಿಲೋ ಎಣ್ಣೆ. ಸರದಿ ಬರುವ ತನಕ ಯಾರೂ ತಮ್ಮ ಚೀಲ ಬಿಟ್ಟು ಕದಲುವುದಿಲ್ಲ, ತಮ್ಮ ಕಾಯಿಯ ಎಣ್ಣೆ ತಮ್ಮ ಡಬ್ಬಿಗೇ ಬೀಳಬೇಕೆಂಬ ಹಟ. ಅಡಕೆ ವ್ಯಾಪಾರಿಯ ತಕ್ಕಡಿಯ ಮುಂದೆ ನನ್ನ ಅಪ್ಪ ನಿಲ್ಲುತ್ತಿದ್ದದ್ದೂ ಹೀಗೆಯೇ. ಕೊಳವೆಯಿಂದ ಇಳಿದ ಎಣ್ಣೆ ಹಸಿರಾಗಿ, ಮಬ್ಬಾಗಿ ಇತ್ತು. ಗಾಣದ ಮೂಲೆಯಲ್ಲಿ ರೊಟ್ಟಿ ಬಿಸಿ ಮಾಡಿಟ್ಟಿದ್ದರು. ಎಣ್ಣೆಯಲ್ಲಿ ಅದ್ದಿ ತಿಂದರೆ ಮೊದಲು ಹುಲ್ಲಿನ ವಾಸನೆ, ನುಂಗಿದ ಮೇಲೆ ಗಂಟಲಲ್ಲಿ ಕಾಳುಮೆಣಸಿನ ಹಾಗೆ ಕಾರ. ಕೆಮ್ಮು ಬಂದರೆ ಎಣ್ಣೆ ಒಳ್ಳೆಯದೆಂದು ಅರ್ಥ ಎಂದು ಅಜ್ಜ ಸಮಾಧಾನ ಹೇಳಿದರು.

ಅಂದು ರಾತ್ರಿ ಮನೆಯೊಡತಿ ಬಲಿತ ಹಸಿರು ಕಾಯಿಗಳನ್ನು ಒಂದೊಂದಾಗಿ ಕಲ್ಲಿನಿಂದ ಜಜ್ಜುತ್ತಿದ್ದರು, ಬೀಜ ಒಡೆಯಬಾರದು, ಸಿಪ್ಪೆ ಮಾತ್ರ ಬಿರಿಯಬೇಕು. ಕಹಿ ಬಿಡಲು ದಿನವೂ ನೀರು ಬದಲಿಸುತ್ತ ಕೆಲವು ದಿನ ಇಟ್ಟು, ಆಮೇಲೆ ನಿಂಬೆ ಹೋಳು, ಹಸಿ ಮೆಣಸು ಸೇರಿಸಿ ಉಪ್ಪುನೀರಿಗೆ ಹಾಕುತ್ತಾರೆ. ಉಪ್ಪು ಸಾಕೇ ಎಂದು ನೋಡಲು ನೀರಿಗೆ ಹಸಿ ಮೊಟ್ಟೆ ಬಿಡುತ್ತಾರೆ. ಮೊಟ್ಟೆ ತೇಲಿ ನೆತ್ತಿ ನಾಣ್ಯದಷ್ಟು ಮೇಲೆ ಕಂಡರೆ ಹದ. ಮಾವಿನ ಮಿಡಿಗೆ ಕಣ್ಣಳತೆಯಲ್ಲೇ ಉಪ್ಪು ಸುರಿಯುವ ನನ್ನ ಅತ್ತೆಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಮೊಟ್ಟೆಯ ಮಾತಿಗೆ ಅವರು ಮುಖ ಸಿಂಡರಿಸಿದ್ದು ಕಾಣದೆಯೂ ತಿಳಿಯಿತು.

ಹೊರಡುವ ದಿನ ಟ್ಯಾಕ್ಸಿಯವರನ್ನು ಮೊದಲೇ ಗೊತ್ತುಮಾಡಿಕೊಂಡು ಮಾರ್ ಎಲಿಯಾಸ್ ದಿಬ್ಬವನ್ನು ಬೆಳಿಗ್ಗೆಯೇ ನೋಡಿದೆವು. ಬೈಬಲಿನ ಪ್ರವಾದಿ ಎಲೀಯ ಹುಟ್ಟಿದ ಊರು ಇದರ ಬಳಿಯದೆಂಬ ನಂಬಿಕೆಯಿಂದ ಬೈಜಾಂಟಿನ್ ಕಾಲದಲ್ಲಿ ಇಲ್ಲಿ ದೊಡ್ಡ ಚರ್ಚು ಕಟ್ಟಿದ್ದರು. ಮುಸ್ಲಿಮರಿಗೂ ಅವನು ಇಲ್ಯಾಸ್ ಪ್ರವಾದಿ. ಈಗ ಉಳಿದಿರುವುದು ಗೋಡೆಯ ಬುಡಗಳು ಮತ್ತು ಮಣ್ಣು ಮುಚ್ಚಿದ ಮೊಸಾಯಿಕ್ ನೆಲದ ತುಂಡುಗಳು. ಪಕ್ಕದ ಓಕ್ ಮರದ ಕೊಂಬೆಗಳಲ್ಲಿ ಹರಕೆಯ ಬಟ್ಟೆ ಚೂರುಗಳು ಕಟ್ಟಿದ್ದವು. ಅರ್ಧ ಗಂಟೆ ಅಲ್ಲಿದ್ದೆವು, ಬೇರೆ ಯಾರೂ ಬರಲಿಲ್ಲ.

ಜೆರಾಶ್ ಹಾಗಲ್ಲ, ಜನಜಂಗುಳಿ. ಕ್ರಿ.ಶ. 129–130ರಲ್ಲಿ ಚಕ್ರವರ್ತಿ ಹೇಡ್ರಿಯನ್ ಬಂದಾಗ ಕಟ್ಟಿದ ಕಮಾನು, ಅಂಡಾಕಾರದ ಚೌಕ, ರಥಚಕ್ರಗಳು ಸವೆಸಿದ ಕಲ್ಲುಹಾಸಿನ ಬೀದಿ ಇವುಗಳನ್ನು ಎಲ್ಲರೂ ನೋಡುತ್ತಾರೆ. ಆರ್ಟೆಮಿಸ್ ದೇವಾಲಯದ ಎತ್ತರದ ಕಂಬದ ಬುಡದ ಸಂದಿಯಲ್ಲಿ ಚಮಚ ಸಿಕ್ಕಿಸಿ, ಗಾಳಿಗೆ ಕಂಬ ಓಲಾಡಿದಂತೆ ಚಮಚ ಏರಿಳಿಯುವುದನ್ನು ತೋರಿಸುವವರು ಅಲ್ಲಿ ಸದಾ ಇರುತ್ತಾರೆ. ಆದರೆ ಆ ದೇವಾಲಯದ ಆವರಣದಲ್ಲೇ 6ನೆಯ ಶತಮಾನದ ಕಲ್ಲು ಕೊಯ್ಯುವ ಗರಗಸವೊಂದರ ಜಾಗವಿದೆ, ನೀರಿನ ಚಕ್ರದಿಂದ ನಡೆಯುತ್ತಿದ್ದದ್ದು. ಅದರ ಮುಂದೆ ನಿಲ್ಲುವವರು ಕಡಿಮೆ. ಹಳೆಯ ದೇವಾಲಯದ ಕಂಬಗಳನ್ನೇ ತಂದು ಹಲಗೆಗಳಾಗಿ ಸೀಳುತ್ತಿದ್ದರು. ಅರ್ಧ ಸೀಳಿ ಬಿಟ್ಟ ಕಂಬದ ತುಂಡಿನಲ್ಲಿ ಗರಗಸ ಇಳಿದ ಗೀರುಗಳು ಇಂದಿಗೂ ನೇರವಾಗಿ, ಸಮದೂರದಲ್ಲಿ ಇವೆ.

ತಿರುಗಿ ಬರುವಾಗ ಒಂದು ತಪ್ಪು ಮಾಡಿದೆ. ಎರಡು ಲೀಟರ್ ಎಣ್ಣೆಯನ್ನು ತೆಳು ಪ್ಲಾಸ್ಟಿಕ್ ಬಾಟಲಿಯಲ್ಲೇ ತಂದದ್ದರಿಂದ ಅದು ಸೂಟ್‌ಕೇಸಿನಲ್ಲಿ ಒಸರಿ, ಸಾಬೂನನ್ನು ಸುತ್ತಿದ್ದ ಸೀರೆ ಹಾಳಾಯಿತು. ಅಲ್ಲಿಯವರು ಬಳಸುವ ತಗಡಿನ ಡಬ್ಬಿಯ ಸಣ್ಣ ಅಳತೆಯದೂ ಗಾಣದಲ್ಲೇ ಸಿಗುತ್ತಿತ್ತು. ಮನೆಯೊಡತಿ ಕೊಟ್ಟ ಜಜ್ಜಿದ ಆಲಿವ್‌ನ ಬಾಟಲಿ ಮಾತ್ರ ಗಾಜಿನದಾದರೂ ಸುರಕ್ಷಿತವಾಗಿ ಬಂತು. ಮೂರು ವಾರ ಬಿಟ್ಟು ತೆರೆಯಲು ಹೇಳಿದ್ದರು. ಎಣಿಸಿ ಇಪ್ಪತ್ತೊಂದನೆಯ ದಿನ ಮೊಸರನ್ನಕ್ಕೆ ನೆಂಚಿಕೊಳ್ಳಲು ನಾಲ್ಕು ಕಾಯಿ ತೆಗೆದೆ. ಕಹಿ ಇನ್ನೂ ಇತ್ತು. ಮುಚ್ಚಳ ಬಿಗಿದು ಮತ್ತೆ ಹತ್ತು ದಿನಕ್ಕೆ ಎತ್ತಿಟ್ಟೆ.