ಒತ್ತಿಗೆ ಮೊದಲು ಜಾಗ

ವಿಜಯಪುರ ಕಡೆಯ ಒಂದು ಹಳ್ಳಿಯ ಮಹಿಳಾ ಸಂಘದವರು ಖಡಕ್ ರೊಟ್ಟಿ ಪ್ಯಾಕೆಟ್ಟಿಗೆ ಲೇಬಲ್ ಮಾಡಿಕೊಡಿ ಅಂತ ಹುಬ್ಬಳ್ಳಿಯ ನನ್ನ ಡಿಸೈನ್ ಸ್ಟುಡಿಯೋಗೆ ಬಂದಾಗ, ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಒಂದೂವರೆ ತಿಂಗಳು ಹಿಡಿಯಿತು. ಈ ವೃತ್ತಿಯಲ್ಲಿ ನನಗೆ ಇಷ್ಟು ಕಲಿಸಿದ ಕೆಲಸ ಇನ್ನೊಂದಿಲ್ಲ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಡಿಸೈನ್ ಎಲ್ಲರೂ ಮಾಡುವ ಹಾಗೇ ಮಾಡಿದೆ. ಉತ್ತರ ಕರ್ನಾಟಕ ಅಂದರೆ ಕಸೂತಿ, ಇಳಕಲ್ ಸೀರೆ ಅಲ್ವಾ? ಕಸೂತಿಯ ಗೋಪುರ, ತೇರು ತಂದು ಸುತ್ತ ಅಂಚು ಕಟ್ಟಿದೆ. ಇಳಕಲ್ ಸೀರೆಯ ತೋಪು ತೆನೆ ಸೆರಗಿನಿಂದ ಕೆಂಪು ಬಿಳಿ ತೆಗೆದುಕೊಂಡೆ. ನಡುವೆ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟಿನಲ್ಲಿ ದಪ್ಪಗೆ ‘ಖಡಕ್ ರೊಟ್ಟಿ’. ಏಕ್ ಟೈಪ್‌ನವರು ಮಾಡಿದ ಆ ಫಾಂಟು ನನಗೆ ಇಷ್ಟ. ಅಚ್ಚುಕಟ್ಟಾಗಿದೆ, ದುಡ್ಡು ಕೊಡಬೇಕಿಲ್ಲ. ಹಾಗಾಗಿಯೇ ಅರ್ಧ ಅಂಗಡಿಯ ಪ್ಯಾಕೆಟ್ಟುಗಳ ಮೇಲೆ ಅದೇ ಇದೆ.

ಸಂಘದ ಹಿರಿಯಕ್ಕ ಪ್ರಿಂಟನ್ನು ಕೈಯಲ್ಲಿ ಹಿಡಿದು ತುಸು ಹೊತ್ತು ನೋಡಿದರು.

“ಚಂದ ಐತ್ರಿ ಸರ. ಆದ್ರ ಇದು ಸೀರಿ ಅಂಗಡಿ ಚೀಲ ಆತಲ್ರಿ. ರೊಟ್ಟಿ ಎಲ್ಲೈತಿ?”

ಅವರ ಮಾತು ನಿಜ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಯ ಕಸೂತಿ ಸೂಜಿ ದಾರದ ವಿದ್ಯೆ. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಅದು. ಜೋಳದ ಹಿಟ್ಟಿಗೂ ಅದಕ್ಕೂ ಏನು ಸಂಬಂಧ? ಊರಿನ ಹೆಮ್ಮೆಯನ್ನು ತಂದು ಸುಮ್ನೆ ಸುತ್ತಿದ್ದೆ, ಅಷ್ಟೇ.

ಇನ್ನೊಂದು ತೊಂದರೆ ನನಗೆ ಮಾತ್ರ ಕಾಣುತ್ತಿತ್ತು. ‘ರೊಟ್ಟಿ’ ಪದದ ಒತ್ತು ನನ್ನ ಲೇಬಲ್ಲಿನ ಕೆಳಗಿನ ಪಟ್ಟಿಗೆ ಬಡಿಯುತ್ತಿತ್ತು. ಆ ಪಟ್ಟಿಯಲ್ಲಿ ತೂಕ, ಬೆಲೆ, ಹಸಿರು ಚುಕ್ಕೆ ಬರಬೇಕು, ಅದನ್ನು ಸರಿಸುವಂತಿಲ್ಲ. ಹಾಗಾಗಿ ಒತ್ತನ್ನು ಕುಗ್ಗಿಸಿದೆ, ಒಂಚೂರು ಮೇಲೆ ತಳ್ಳಿದೆ. ಕನ್ನಡದಲ್ಲಿ ಡಿಸೈನ್ ಮಾಡುವ ಎಲ್ಲರಿಗೂ ಈ ಕಾಟ ಗೊತ್ತು. ನಾವು ಬಳಸುವ ಇಲ್ಲಸ್ಟ್ರೇಟರ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳಿಗಿರುವ ಇಂಡಿಕ್ ಆಯ್ಕೆ ಹಾಕದಿದ್ದರೆ ಒತ್ತು ಒಡೆದು ಪಕ್ಕಕ್ಕೆ ಬೀಳುತ್ತದೆ. ಹಾಕಿದರೂ, ಇಂಗ್ಲಿಷಿಗೆ ಅಳೆದ ಜಾಗದಲ್ಲಿ ಕೂರುವುದಿಲ್ಲ. ವರ್ಷಗಟ್ಟಲೆ ನಾನು ಒತ್ತನ್ನು ತೊಂದರೆ ಎಂದೇ ಕಂಡಿದ್ದೆ. ಗ್ರಾಹಕರು ಬ್ರ್ಯಾಂಡ್ ಹೆಸರು ಯೋಚಿಸುವಾಗ ‘ಒತ್ತಿಲ್ಲದ ಹೆಸರಿದ್ದರೆ ಚೆನ್ನ’ ಎಂದು ಹೇಳಿದ್ದೂ ಇದೆ.

ಸ್ಯಾಂಪಲ್ ಪ್ರಿಂಟ್ ಬಂದಾಗ ಕುಗ್ಗಿಸಿದ ಒತ್ತಿನ ಒಳಗೆಲ್ಲ ಶಾಯಿ ತುಂಬಿ ಕಪ್ಪು ಬೊಟ್ಟಾಗಿತ್ತು. ಓದಿದರೆ ‘ರೊಟಿ’.

ಆ ವಾರ ಒಬ್ಬರು ಹಳೆಯ ಬೋರ್ಡ್ ಪೇಂಟರ್ ನೆನಪಾದರು. ಫ್ಲೆಕ್ಸ್ ಬರುವ ಮೊದಲು ನಮ್ಮ ಓಣಿಯ ಅಂಗಡಿ ಬೋರ್ಡುಗಳೆಲ್ಲ ಅವರ ಕೈಯದ್ದೇ. ಹೋಗಿ ಕೇಳಿದೆ. ಅವರು ಸೀಮೆಸುಣ್ಣ ಹಚ್ಚಿದ ದಾರ ಹಿಡಿದು ಗೋಡೆಗೆ ಮೂರು ಗೆರೆ ಹೊಡೆದರು. ತಲೆಕಟ್ಟಿಗೆ ಒಂದು, ಅಕ್ಷರದ ಬುಡಕ್ಕೆ ಒಂದು, ಒತ್ತು ಮುಗಿಯುವಲ್ಲಿ ಒಂದು.

“ಒತ್ತಿಗೆ ಮೊದ್ಲ ಜಾಗ ಬಿಡಬೇಕು ತಮ್ಮಾ. ಅಕ್ಷರ ಬರದು ಆಮ್ಯಾಲ ಒತ್ತು ತುರಕಬಾರದು.”

ನಾನು ಅಲ್ಲಿವರೆಗೆ ಎರಡೇ ಗೆರೆಯಲ್ಲಿ ಕೆಲಸ ಮಾಡಿದ್ದೆ. ಇಂಗ್ಲಿಷಿನ ಎರಡು ಗೆರೆ. 2024ರಲ್ಲಿ ಬೋರ್ಡಿನ ಶೇ. 60 ಭಾಗ ಕನ್ನಡ ಇರಬೇಕೆಂಬ ಕಾನೂನು ಬಂದಾಗ ನನಗೂ ಸಾಕಷ್ಟು ಕೆಲಸ ಬಂತು. ಆಗಲೂ ಬಹಳ ಕಡೆ ಇಂಗ್ಲಿಷ್ ಲೋಗೋ ಹಾಗೇ ಉಳಿಸಿ, ಅದರ ಅಳತೆಗೆ ಕನ್ನಡವನ್ನು ಎಳೆದೋ ಚಪ್ಪಟೆ ಮಾಡಿಯೋ ಕೂರಿಸಿದ್ದನ್ನು ನೋಡಿದೆ. ಕೆಲವು ನಾನೇ ಮಾಡಿದ್ದು. ಅಕ್ಷರ ದೊಡ್ಡದಾಯಿತು, ಆದರೆ ಅದು ಕನ್ನಡಕ್ಕಾಗಿ ಹುಟ್ಟಿದ ಬೋರ್ಡು ಆಗಲಿಲ್ಲ.

ಅದೇ ಗುಂಗಿನಲ್ಲಿ ಬಾದಾಮಿಗೂ ಹೋಗಿಬಂದೆ. ಅಲ್ಲಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಕಾಲದ್ದು, ಕನ್ನಡದ ಬಹಳ ಹಳೆಯ ತ್ರಿಪದಿ ಅದರಲ್ಲಿದೆ. ಹಿಂದೆ ಎಷ್ಟೋ ಸಲ ನೋಡಿದ್ದೆ. ಈ ಸಲ ಒತ್ತುಗಳನ್ನಷ್ಟೇ ನೋಡಿದೆ. ಮೇಲಿನ ಅಕ್ಷರದ ಕೆಳಗೆ ಧಾರಾಳವಾಗಿ ಕಾಲು ಚಾಚಿ ಕೂತಿವೆ. ಕೆತ್ತಿದವನು ಯಾವ ಒತ್ತನ್ನೂ ಹಿಂಡಿಲ್ಲ.

ಆಮೇಲೆ ಹಳ್ಳಿಗೆ ಹೋದೆ. ಇದನ್ನು ಮೊದಲೇ ಮಾಡಬೇಕಿತ್ತು.

“ಕುಂದ್ರಿ ಸರ. ಮೊದ್ಲ ಬಿಸಿ ರೊಟ್ಟಿ ಉಣ್ರಿ, ಆಮ್ಯಾಲ ಲೇಬಲ್ ಮಾತು,” ಅಂದರು ಅಕ್ಕ.

ಬೆಳಿಗ್ಗೆ ಆರಕ್ಕೇ ಶುರುವಾಗಿತ್ತು ಕೆಲಸ. ಮಾಲದಂಡಿ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಿದ್ದರು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಲ್ಲ, ಬಿಸಿನೀರೇ ಅದನ್ನು ಹಿಡಿದಿಡುವುದು. ಉಂಡೆಯನ್ನು ಮಣೆಯ ಮೇಲಿಟ್ಟು ಬಡಿಯುತ್ತಾರೆ. ಪಟ್, ಪಟ್, ಪಟ್ ಎಂಬ ಸದ್ದು ಒಂದೇ ಲಯದಲ್ಲಿ. ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಅಂಚನ್ನು ಮುಟ್ಟುತ್ತ ತಿರುಗಿಸುತ್ತದೆ. ರೊಟ್ಟಿ ಅಗಲವಾದ ಮೇಲೆ ಮಣೆಯಿಂದ ಎತ್ತುವ ಒಂದು ಗಳಿಗೆ ಇದೆ. ಅಂಗೈ ಬಾಗಿ ರೊಟ್ಟಿಯ ಅಡಿಗೆ ಹೋಗುತ್ತದೆ. ಅರೆ ಕ್ಷಣ ರೊಟ್ಟಿ ಗಾಳಿಯಲ್ಲಿ, ಆಮೇಲೆ ಹಂಚಿನ ಮೇಲೆ. ತಕ್ಷಣ ಒದ್ದೆ ಬಟ್ಟೆಯಿಂದ ಮೇಲ್ಗಡೆ ಸವರುತ್ತಾರೆ. ಆ ಬಟ್ಟೆಯ ಗುರುತು ಗುಂಡಗೆ, ಗೀರುಗೀರಾಗಿ ರೊಟ್ಟಿಯ ಮೇಲೆ ಉಳಿಯುತ್ತದೆ. ಖಡಕ್ ಮಾಡಿ ಒಣಗಿಸಿದ ಮೇಲೂ ಅದು ಮಾಸುವುದಿಲ್ಲ. ಬೆಳಕಿಗೆ ಹಿಡಿದು ನೋಡಿ, ಕಾಣುತ್ತದೆ.

ನಾನು ಆ ಅಂಗೈಯನ್ನೇ ನೋಡುತ್ತಿದ್ದೆ. ಮೇಲೆ ಗುಂಡನೆಯ ರೊಟ್ಟಿ, ಅಡಿಯಲ್ಲಿ ಬಾಗಿದ ಕೈ. ನೋಟ್‌ಬುಕ್ ತೆಗೆದು ‘ರೊಟ್ಟಿ’ ಅಂತ ಬರೆದೆ. ರ ಗುಂಡಗಿದೆ. ಟಿ ಕೆಳಗೆ ತಲೆಕಟ್ಟಿಲ್ಲದ ಪುಟ್ಟ ಟ, ಬುಡ ಬಾಗಿಸಿಕೊಂಡು ಕೂತಿದೆ. ಇಷ್ಟು ದಿನ ನಾನು ಕುಗ್ಗಿಸುತ್ತಿದ್ದದ್ದು ಆ ಕೈಯನ್ನು!

ಸ್ಟುಡಿಯೋಗೆ ವಾಪಸ್ ಬಂದು ಕಂಪ್ಯೂಟರ್ ಮುಟ್ಟಲಿಲ್ಲ. ಹತ್ತಿ ಬಟ್ಟೆಯ ತುಂಡನ್ನು ಮಡಚಿ, ಕಪ್ಪು ಇಂಕಿನಲ್ಲಿ ಅದ್ದಿ, ಹಳೆಯ ಪೇಪರಿನ ಮೇಲೆ ಸವರುತ್ತ ಬರೆದೆ. ಬ್ರಷ್ಷಿನಲ್ಲಿ ಬರದ ಒಂದು ಗುಣ ಅದರಲ್ಲಿ ಬಂತು. ಬಟ್ಟೆ ತಿರುಗಿದಲ್ಲಿ ಗೆರೆ ದಪ್ಪ, ಇಂಕು ಮುಗಿದಲ್ಲಿ ಗೀರುಗೀರು, ರೊಟ್ಟಿಯ ಮೇಲಿನ ಗುರುತಿನ ಹಾಗೇ. ನಲವತ್ತಕ್ಕೂ ಜಾಸ್ತಿ ಸಲ ಬರೆದಿರಬೇಕು. ನಾಲ್ಕು ಉಳಿಸಿಕೊಂಡೆ. ಅದರಲ್ಲೊಂದನ್ನು ಸ್ಕ್ಯಾನ್ ಮಾಡಿ ಗೆರೆ ತಿದ್ದಿದೆ. ಗೀರುಗಳನ್ನು ರ ಅಕ್ಷರದಲ್ಲಿ ಮಾತ್ರ ಬಿಟ್ಟೆ. ಎಲ್ಲ ಕಡೆ ಬಿಟ್ಟರೆ ಚಿಕ್ಕ ಅಳತೆಯಲ್ಲಿ ಕೊಳಕಾಗಿ ಕಾಣುತ್ತಿತ್ತು.

ಒತ್ತನ್ನು ಮಾತ್ರ ದೊಡ್ಡದಾಗಿ ಚಾಚಿದೆ. ಇಡೀ ಪದದ ಅಡಿಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಹೊತ್ತುಕೊಂಡ ಅಂಗೈಯ ಹಾಗೆ. ನನಗೆ ಬಹಳ ಖುಷಿಯಾಗಿತ್ತು.

ಸಂಘದಲ್ಲಿ ಒಬ್ಬರು ದೊಡ್ಡವರಾದ ಮೇಲೆ ಓದಲು ಕಲಿತವರು. ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಾರೆ. “ರೊ... ಟಿ,” ಅಂದರು. ಒತ್ತನ್ನು ತೋರಿಸಿ, “ಕೆಳಗಿಂದು ಏನ್ರಿ ಇದು, ಗೆರಿ?” ಅಂತ ಕೇಳಿದರು.

ಮೊದಲು ಕುಗ್ಗಿಸಿ ಕೆಡಿಸಿದ್ದೆ, ಈಗ ಹಿಗ್ಗಿಸಿ ಕೆಡಿಸಿದೆ. ಎರಡರಲ್ಲೂ ಓದುವವರಿಗೆ ಒತ್ತು ಸಿಗಲಿಲ್ಲ. ಇನ್ನೂ ಹತ್ತು ದಿನ ಅದರ ಮೇಲೇ ಕೂತೆ. ಕೊನೆಗೆ ಒತ್ತು ಟಿ ಅಕ್ಷರದ ನೇರ ಕೆಳಗೇ ಹುಟ್ಟುವ ಹಾಗೆ ಮಾಡಿ, ಅದರ ಎಡಗಡೆಯ ಬಾಗನ್ನಷ್ಟೇ ರೊ ಅಡಿವರೆಗೆ ಎಳೆದೆ. ಗೆರೆಯ ದಪ್ಪವನ್ನು ಮೇಲಿನ ಅಕ್ಷರದ್ದೇ ಇಟ್ಟೆ. ಅದೇ ಅಕ್ಕನಿಗೆ ಮತ್ತೆ ತೋರಿಸಿದೆ. ಬೆರಳಿಡದೆ ಓದಿದರು. ಯಾವ ಡಿಸೈನ್ ಆದರೂ ನಾನು ಈಗ ಮೊದಲು ಇಂಥವರಿಗೇ ತೋರಿಸುತ್ತೇನೆ, ನಿಧಾನವಾಗಿ ಓದುವವರಿಗೆ. ಡಿಸೈನರ್ ಗೆಳೆಯರಿಗೆ ಆಮೇಲೆ.

ಬಣ್ಣದ ತೀರ್ಮಾನ ಬೇಗ ಆಯಿತು. ಬಣ್ಣಬಣ್ಣದ ಪೌಚ್ ಮಾಡಿಸಬೇಕಾದರೆ ಪ್ರತಿ ಬಣ್ಣಕ್ಕೂ ಪ್ರಿಂಟಿಂಗಿನ ಅಚ್ಚಿನ ಸಿಲಿಂಡರ್ ಮಾಡಿಸಬೇಕು, ಸಾವಿರಗಟ್ಟಲೆ ಒಮ್ಮೆಗೇ ಪ್ರಿಂಟ್ ಹಾಕಿಸಬೇಕು. ಸಂಘಕ್ಕೆ ಅದು ಆಗದ ಮಾತು. ಪಾರದರ್ಶಕ ಚೀಲ, ಅದರ ಮೇಲೆ ಕಂದು ಕ್ರಾಫ್ಟ್ ಪೇಪರಿನ ಲೇಬಲ್, ಒಂದೇ ಬಣ್ಣ. ಒಳಗಿನ ರೊಟ್ಟಿ ಕಾಣುವುದೇ ಒಳ್ಳೆಯ ಜಾಹೀರಾತು ಅಲ್ವಾ.

ಒಂದೇ ಬಣ್ಣದ ಮೇಲೆ ನನಗಿರುವ ನಂಬಿಕೆ ಹಳೆಯದು. ನಮ್ಮ ಮನೆ ಧಾರವಾಡದಲ್ಲಿ, ಮಂಗಳೂರು ಹೆಂಚಿನದು. ಜ್ವರ ಬಂದು ಮಲಗಿದಾಗ ಮೇಲೆ ನೋಡಿದರೆ ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಗುರುತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು, ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಆ ಗುರುತುಗಳಿಗೆ ಬಣ್ಣವೇ ಇಲ್ಲ. ಹಸಿ ಮಣ್ಣಿಗೆ ಅಚ್ಚು ಒತ್ತಿ ಸುಟ್ಟದ್ದು. ಹೊಗೆ ಹಿಡಿದರೂ, ಜೇಡ ಬಲೆ ಕಟ್ಟಿದರೂ ಓದಬಹುದು. ಲೋಗೋ ಮುಗಿದಾಗಲೆಲ್ಲ ಅದನ್ನು ಮಣ್ಣಿನಲ್ಲಿ ಒತ್ತಿದರೆ ನಿಲ್ಲುತ್ತದಾ ಅಂತ ಒಂದು ಸಲ ಕೇಳಿಕೊಳ್ಳುತ್ತೇನೆ.

ರೊಟ್ಟಿಯದ್ದನ್ನು ನಿಜವಾಗಿಯೂ ಒತ್ತಿ ನೋಡಿದೆವು. ಕಟ್ಟಿಗೆಯಲ್ಲಿ ಒಂದು ಅಚ್ಚು ಕೆತ್ತಿಸಿ, ಜೋಳದ ಹಿಟ್ಟಿನ ಉಂಡೆಯ ಮೇಲೆ ಒತ್ತಿದರು ಹಿರಿಯಕ್ಕ. ಒತ್ತು ಸ್ಪಷ್ಟವಾಗಿ ಮೂಡಿತು. ಆ ಉಂಡೆಯನ್ನೂ ಬಡಿದು ರೊಟ್ಟಿ ಮಾಡಿದರು.

ಈಗ ಅವರಿಗೆ ಶೇಂಗಾ ಚಟ್ನಿಗೂ ಲೇಬಲ್ ಬೇಕಂತೆ. ಚಟ್ನಿಯಲ್ಲಿ ಇರುವುದು ನ ಒತ್ತು. ಟ ಒತ್ತಿನ ಹಾಗೆ ಅಲ್ಲ ಅದು. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಮೂಲ ಅಕ್ಷರದ ರೂಪವೇ ಇರುವುದಿಲ್ಲ. ಇಲ್ಲಿ ಅಂಗೈ ನಡೆಯುವುದಿಲ್ಲ. ಶೇಂಗಾ ಹುರಿದು, ಸಿಪ್ಪೆ ಕೇರಿ, ಖಾರ ಬೆಳ್ಳುಳ್ಳಿ ಹಾಕಿ ಕುಟ್ಟುವುದು ಸೋಮವಾರವಂತೆ. ಹಿಂದಿನ ರಾತ್ರಿಯ ಬಸ್ಸಿಗೆ ಹೊರಡುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದು ಇಟ್ಟುಕೊಂಡಿದ್ದೇನೆ.