ಗ್ಯಾಸ್‌ನಲ್ಲಿ ಮಾತ್ರ ಜರ್ಕ್ ಹೊಡೆಯುತ್ತಿದ್ದ ಕಾರು

ಪೆಟ್ರೋಲ್‌ನಲ್ಲಿ ಕಾರು ಬೆಣ್ಣೆಯಂತೆ ಓಡುತ್ತಿತ್ತು. ಎಲ್‌ಪಿಜಿಗೆ ಬದಲಾದರೆ ಸಾಕು, ಏರಿನಲ್ಲಿ ಜರ್ಕ್ ಶುರು. ಕೆಲವೊಮ್ಮೆ ಇಂಜಿನ್ ಲೈಟೂ ಮಿನುಗುತ್ತಿತ್ತು. ಅಂದರೆ ಮಿಸ್‌ಫೈರ್, ಇಂಜಿನ್‌ನೊಳಗೆ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ.

ಇಂಥ ತೊಂದರೆ ಬಂದರೆ ಎಲ್ಲರೂ ಗ್ಯಾಸ್ ಕಿಟ್ ಮೇಲೇ ಗೂಬೆ ಕೂರಿಸುತ್ತಾರೆ. ಮೆಕ್ಯಾನಿಕ್ ಕೂಡ ರೆಡ್ಯೂಸರ್ (ದ್ರವ ಎಲ್‌ಪಿಜಿಯನ್ನು ಅನಿಲವಾಗಿಸಿ ಒತ್ತಡ ಇಳಿಸುವ ಭಾಗ) ಬದಲಿಸೋಣ ಎಂದರು. ಅದು ದುಬಾರಿ ಕೆಲಸ, ಸುಮ್ನೆ ಯಾಕೆ? ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ ಎಂದೆ.

ಗ್ಯಾಸ್ ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಳ್ಳಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ಸವೆದು ಕಿಡಿ ಹಾರುವ ಗ್ಯಾಪ್ ದೊಡ್ಡದಾದಷ್ಟೂ ಆ ಬೇಡಿಕೆ ಇನ್ನೂ ಏರುತ್ತದೆ. ಪೆಟ್ರೋಲ್ ಹೇಗೋ ಸಹಿಸಿಕೊಳ್ಳುತ್ತದೆ, ಗ್ಯಾಸ್ ಸಹಿಸುವುದಿಲ್ಲ. ಏರಿನಲ್ಲಿ ಲೋಡ್ ಹೆಚ್ಚಾದಾಗ ಕಿಡಿಯೇ ತಪ್ಪುತ್ತದೆ. ನಮ್ಮ ಪ್ಲಗ್‌ಗಳು ಸವೆದಿದ್ದವು. ಪ್ಲಗ್‌ಗೆ ವೋಲ್ಟೇಜ್ ಕೊಡುವ ಒಂದು ಇಗ್ನಿಷನ್ ಕಾಯಿಲ್‌ನ ರಬ್ಬರ್ ಬೂಟ್ (ಪ್ಲಗ್ ಮೇಲೆ ಕೂರುವ ಕವಚ) ಬಿರುಕು ಬಿಟ್ಟಿತ್ತು.

ಹೊಸ ಪ್ಲಗ್, ಹೊಸ ಬೂಟ್ ಹಾಕಿಸಿದೆ. ಕೈಪಿಡಿಯಲ್ಲಿ ಕೊಟ್ಟ ಅಳತೆಯ ಮಿತಿಯೊಳಗೆ ಅತಿ ಕಡಿಮೆ ಗ್ಯಾಪನ್ನೇ ಇಡಿಸಿದೆ. ಹೇಗೂ ಬಾನೆಟ್ ತೆರೆದಿತ್ತಲ್ವಾ, ಗ್ಯಾಸ್ ಫಿಲ್ಟರನ್ನೂ ಬದಲಿಸಿದರು. ಜರ್ಕ್ ನಿಂತಿತು. ರೆಡ್ಯೂಸರ್ ಹಳೆಯದೇ ಇದೆ.

ಇಂಧನ ತುಂಬಿಸುವಾಗ ಎರಡು ವಿಷಯ ಗಮನಿಸುತ್ತೇನೆ. ಗ್ಯಾಸ್ ಬಿಸಿಗೆ ಹಿಗ್ಗುವುದರಿಂದ ಟ್ಯಾಂಕ್ ಸುಮಾರು 80% ತುಂಬಿದಾಗ ವಾಲ್ವ್ ತಾನಾಗಿ ಮುಚ್ಚಬೇಕು. 60 ಲೀಟರ್ ಟ್ಯಾಂಕಿಗೆ 48 ಲೀಟರ್‌ಗಿಂತ ತೀರಾ ಜಾಸ್ತಿ ಹಿಡಿದರೆ ವಾಲ್ವನ್ನು ಮೆಕ್ಯಾನಿಕ್‌ಗೆ ತೋರಿಸಿ. ಪೆಟ್ರೋಲ್ ಟ್ಯಾಂಕನ್ನೂ ಬರಿದಾಗಲು ಬಿಡುವುದಿಲ್ಲ. ತಣ್ಣಗಿರುವ ಇಂಜಿನ್ ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗುತ್ತದೆ. ಟ್ಯಾಂಕಿನೊಳಗಿನ ಪಂಪ್ ತಂಪಾಗುವುದೂ ಅದೇ ಪೆಟ್ರೋಲ್‌ನಿಂದ.